ಅಡಿಕೆಗೆ ಹೋದ ಮಾನ

ಕೊಪ್ಪದಲ್ಲಿ ನಮ್ಮ ಮನೆಯ ಹಿಂದೆ ಏಳು ಅಡಿಕೆ ಮರಗಳಿವೆ. ಅವುಗಳ ಕೊನೆಯನ್ನು, ಅಂದರೆ ಅಡಿಕೆಯ ಗೊನೆಯನ್ನು, ಹಸಿರಿರುವಾಗ ಕೊಯ್ಯಲು ನಾನು ಯಾರಿಗೂ ಬಿಡುವುದಿಲ್ಲ. ನಮ್ಮ ಕಡೆ ಇದು ಹುಚ್ಚಾಟ. ಅಡಿಕೆ ಇನ್ನೂ ಹಸಿರಾಗಿರುವಾಗಲೇ ಇಳಿಸಿ, ಸುಲಿದು, ಬೇಯಿಸಿ, ಕೆಂಪಗೆ ಒಣಗಿಸಿದರೆ ಅದಕ್ಕೆ ಬೆಲೆಯೂ ಉಂಟು, ಮರ್ಯಾದೆಯೂ ಉಂಟು. ಮರದಲ್ಲೇ ಹಣ್ಣಾದದ್ದು ಗೋಟು. ಗೋಟು ಮಾಡಿದವನು ಸೋಮಾರಿ ಎಂದು ಊರಿನ ತೀರ್ಮಾನ. ಪ್ರತಿ ವರ್ಷ ಕೊನೆ ಕೊಯ್ಯುವವರು ಬಂದಾಗ ತಲೆಯೆತ್ತಿ ನೋಡಿ, “ಇದನ್ನೂ ಇಳಿಸಿ ಬಿಡ್ಲಾ ಮಂಜಣ್ಣ? ಗೋಟಾಗಿ ಹೋಗ್ತದೆ ಮಾರಾಯ್ರೆ” ಎನ್ನುತ್ತಾರೆ. ನಾನು ಪ್ರತಿ ವರ್ಷವೂ “ನಿನ್ನ ಕೆಲಸ ನೀನು ನೋಡು” ಎನ್ನುತ್ತೇನೆ.

ಮಾಘದ ಹೊತ್ತಿಗೆ ಕೊನೆಗಳು ಕೇಸರಿ ಬಣ್ಣಕ್ಕೆ ತಿರುಗುತ್ತವೆ. ಒಂದೊಂದೇ ಹಣ್ಣು ಉದುರಿ, ಬಿಸಿಲಿಗೆ ಸಿಪ್ಪೆ ಮೆತ್ತಗಾಗಿ, ಹಿತ್ತಿಲಲ್ಲಿ ಒಂದು ಥರ ಸಿಹಿ ಸಿಹಿ ಹುಳಿ ವಾಸನೆ ಏಳುತ್ತದೆ. ನನ್ನ ಹೆಂಡತಿ ಮೂಗು ಮುಚ್ಚಿಕೊಳ್ಳುತ್ತಾಳೆ. ನಾನು ಕುರ್ಚಿಯನ್ನು ಅಲ್ಲಿಗೇ ಎಳೆದುಕೊಂಡು ಹೋಗಿ ಕೂರುತ್ತೇನೆ. ಆ ವಾಸನೆ ಬಂತೆಂದರೆ ನಾನು ಕೊಪ್ಪದಲ್ಲಿಲ್ಲ, ಗುವಾಹಟಿಯಲ್ಲಿದ್ದೇನೆ. ಬ್ರಹ್ಮಪುತ್ರದ ದಂಡೆಯ ಆ ಊರಿನ ಬಗ್ಗೆ ನನ್ನೆದುರು ಯಾರೂ ಹಗುರವಾಗಿ ಮಾತಾಡಕೂಡದು. ಮಾತಾಡಿದವರಿಗೆ ನಮ್ಮ ಮನೆಯಲ್ಲಿ ಎರಡನೆಯ ಲೋಟ ಕಾಫಿ ಸಿಗುವುದಿಲ್ಲ.

ನಾನು ಅಲ್ಲಿಗೆ ಹೋದದ್ದು ಯುದ್ಧದ ಕಾಲದಲ್ಲಿ. ಜಪಾನಿನವರು ಬರ್ಮಾದೊಳಗೆ ನುಗ್ಗಿದ್ದರು. ನಾನು ಕೆಲಸಕ್ಕಿದ್ದ ಕೊಪ್ಪದ ಸಾಹುಕಾರರು ಮೆಣಸು, ಏಲಕ್ಕಿ ವ್ಯಾಪಾರದವರು. ಗುವಾಹಟಿಯ ಒಬ್ಬ ಮಾರವಾಡಿ ಸೇಠರು ಅವರಿಂದ ಮಾಲು ತರಿಸುತ್ತಿದ್ದರು. ಆಗ ರೈಲಿಗೆ ಹಾಕಿದ ಮೂಟೆ ತಲುಪುತ್ತದೆಂಬ ನಂಬಿಕೆ ಇರಲಿಲ್ಲ. ಮಾಲಿನ ಜೊತೆ ಮನುಷ್ಯರೇ ಹೋಗಬೇಕು, ಅಲ್ಲೇ ಕೂತು ಮಾರಿ ಬರಬೇಕು ಎಂದಾಯಿತು. ಹಿರೇಕೊಡಿಗೆಯ ಹುಡುಗನಾದ ನನಗೆ ಮುರುಕು ಹಿಂದುಸ್ತಾನಿ ಬರುತ್ತಿತ್ತು. ನನ್ನ ಯೋಗ್ಯತೆ ಅಷ್ಟೇ. ಮೂಟೆ ಕಾಯಲು ಜೊತೆಗೆ ಬಂದವನು ಬೇಗಾರು ಎಂಬ ಊರಿನ ದುಗ್ಗಪ್ಪ.

ದುಗ್ಗಪ್ಪ ಕೊನೆಗಾರ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವುದರಲ್ಲಿ ಶೃಂಗೇರಿ ಸೀಮೆಯಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಇದನ್ನು ಬೇರೆಯವರು ಹೇಳಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ, ಅವನೇ ಹೇಳಿಕೊಳ್ಳುತ್ತಿದ್ದ. ಹೊರಡುವ ದಿನ ಗಂಟಿನಲ್ಲಿ ಕಾಲಿಗೆ ಹಾಕುವ ತಳೆ, ಕತ್ತಿ, ಉದ್ದದ ಹಗ್ಗ ತುಂಬಿಕೊಂಡು ಬಂದ. “ಮೆಣಸು ಮಾರಕ್ಕೆ ಇವೆಲ್ಲ ಯಾಕೋ?” ಎಂದು ಕೇಳಿದೆ.

“ಕೊನೆಗಾರ ತಳೆ ಬಿಟ್ಟು ಊರು ದಾಟದು ಅಂದ್ರೆ ಹೆಣ್ಣು ಬಿಟ್ಟು ದಿಬ್ಬಣ ಹೊರಟಂಗೆ. ನಡೀ ಮಾರಾಯ” ಎಂದ.

ಇದ್ದಿಲು ಬಸ್ಸಿನಲ್ಲಿ ಎಡೇಹಳ್ಳಿಗೆ ಹೊರಟೆವು. ನರಸಿಂಹರಾಜಪುರವನ್ನು ನಾವು ಆಗಲೂ ಈಗಲೂ ಎಡೇಹಳ್ಳಿ ಎಂದೇ ಕರೆಯುವುದು. ಏರು ಬಂದಲ್ಲೆಲ್ಲ ಇಳಿದು ಬಸ್ಸನ್ನು ತಳ್ಳುತ್ತ, ತರೀಕೆರೆ ಸೇರಿ, ಅಲ್ಲಿಂದ ರೈಲು ಬದಲಿಸುತ್ತ ಬದಲಿಸುತ್ತ ಮದ್ರಾಸು, ಕಲ್ಕತ್ತೆ ದಾಟಿದೆವು. ದುಗ್ಗಪ್ಪ ಇಡೀ ದಾರಿ ಎದುರು ಕೂತವರ ಜೊತೆ ಕನ್ನಡದಲ್ಲೇ ಮಾತಾಡಿದ. ತೆಲುಗರ ಜೊತೆ, ಒಡಿಯಾದವರ ಜೊತೆ, ಬಂಗಾಳಿಗಳ ಜೊತೆ. ಅವರೂ ತಲೆಯಾಡಿಸಿ ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು. ಹಿಂದುಸ್ತಾನಿ ಬಲ್ಲ ನಾನು ಮೂಟೆ ಎಣಿಸುತ್ತ ಕೂತಿದ್ದೆ.

ಆಮಿನ್‌ಗಾಂವ್ ಎಂಬಲ್ಲಿ ರೈಲು ಹಳಿ ಮುಗಿಯಿತು. ಎದುರಿಗೆ ನೀರು. ಸ್ಟೀಮರಿನಲ್ಲಿ ಆಚೆ ದಡಕ್ಕೆ ದಾಟಬೇಕು. ಬೆಳಗಿನ ಮಂಜಿನಲ್ಲಿ ಆಚೆ ದಡ ಕಾಣಿಸಲೇ ಇಲ್ಲ. ನಾನು ತುಂಗೆಯಲ್ಲಿ ಈಜಿದವನು, ತುಂಬಿ ಹರಿಯುವ ಭದ್ರೆಯನ್ನು ದಾಟಿದವನು. ನಮ್ಮ ಎರಡು ಹೊಳೆಯನ್ನೂ ತಂದು ಇದರ ಒಂದು ಮೂಲೆಗೆ ಹುಯ್ದರೆ ಗೊತ್ತೂ ಆಗುತ್ತಿರಲಿಲ್ಲ. “ಇದು ಹೊಳೆ ಅಲ್ಲ ಮಂಜಣ್ಣ, ಯಾವುದೋ ಸಮುದ್ರ ದಾರಿ ತಪ್ಪಿ ಈ ಕಡೆ ಬಂದದೆ” ಎಂದ ದುಗ್ಗಪ್ಪ. ಸ್ಟೀಮರು ನಡುನೀರಿಗೆ ಬಂದಾಗ ಮಂಜು ಹರಿದು, ಗುಡ್ಡಗಳು, ಮರಗಳು, ತಗಡಿನ ಮಾಡುಗಳು, ದಡದ ಉದ್ದಕ್ಕೂ ದೋಣಿಗಳು, ಎಲ್ಲ ಒಟ್ಟಿಗೆ ಕಾಣಿಸಿಕೊಂಡವು. ಮರಗಳು ಯಾವುವು ಎಂದು ಕಣ್ಣು ಕಿರಿದು ಮಾಡಿ ನೋಡಿದರೆ ಅಡಿಕೆ. ಊರಿಗೆ ಊರೇ ಅಡಿಕೆ ಮರ. ಮನೆಗೊಂದು ಹಿತ್ತಿಲು, ಹಿತ್ತಿಲ ತುಂಬ ಅಡಿಕೆ, ಅದರ ಮೈಗೆ ವೀಳ್ಯದ ಬಳ್ಳಿ. ನನ್ನ ಜೀವ ಅಲ್ಲೇ ತಂಪಾಯಿತು.

ಸೇಠರು ನಮಗೆ ಉಜಾನ್ ಬಜಾರಿನಲ್ಲಿ, ಹೊಳೆಯ ದಂಡೆಗೇ ಇದ್ದ ಒಂದು ಮನೆಯ ಹಿಂದಿನ ಕೋಣೆ ಕೊಡಿಸಿದರು. ಮನೆಯ ಯಜಮಾನರು ಸ್ಟೀಮರ್ ಘಾಟಿನಲ್ಲಿ ಗುಮಾಸ್ತರಾಗಿದ್ದವರು, ತೀರಿಕೊಂಡು ಎರಡು ವರ್ಷವಾಗಿತ್ತು. ಇದ್ದವರು ಅವರ ಹೆಂಡತಿ ಮತ್ತು ಮಗಳು ನಿರು. ಕೇರಿಯವರೆಲ್ಲ ಆ ತಾಯಿಯನ್ನು ಮಾಹಿ ಎನ್ನುತ್ತಿದ್ದರು. ಮಾಹಿ ಎಂದರೆ ನಮ್ಮ ಚಿಕ್ಕಮ್ಮ, ದೊಡ್ಡಮ್ಮ ಇದ್ದ ಹಾಗೆ. ನಾನೂ ಹಾಗೆಯೇ ಕರೆದೆ. ದುಗ್ಗಪ್ಪ ಮೊದಲ ದಿನವೇ “ಅಮ್ಮಾ” ಎಂದುಬಿಟ್ಟ.

ಒಳಗೆ ಕಾಲಿಟ್ಟ ಕೂಡಲೇ ಮಾಹಿ ಒಂದು ಕಂಚಿನ ಪೀಠದ ತಟ್ಟೆಯಲ್ಲಿ ಅಡಿಕೆ ಎಲೆ ತಂದು ಎದುರಿಗಿಟ್ಟರು. ಅಡಿಕೆಗೆ ಅಲ್ಲಿ ತಾಮುಲ್ ಎನ್ನುತ್ತಾರೆ. ಹಣ್ಣಾದದ್ದನ್ನು ಸುಲಿದು ಹಸಿಯಾಗಿಯೇ ಹೋಳು ಮಾಡಿದ್ದರು. ತಾಮುಲ್ ಕೊಡದೆ ಅವರು ಯಾರನ್ನೂ ಕೂರಿಸುವುದಿಲ್ಲ, ಕಳಿಸುವುದೂ ಇಲ್ಲ. ದುಗ್ಗಪ್ಪ ಹೋಳು ನೋಡಿ ನನ್ನ ಕಿವಿಯಲ್ಲಿ, “ಇವ್ರಿಗೆ ಅಡಿಕೆ ಬೇಯಿಸಕ್ಕೂ ಬರಲ್ಲ ಕಣ. ಗೋಟನ್ನ ಹಸಿದೇ ತಿಂತಾರೆ. ಪಾಪ” ಎಂದ. ಎರಡು ಹೋಳು ಒಟ್ಟಿಗೆ ಬಾಯಿಗೆ ಹಾಕಿದ. ಐದು ನಿಮಿಷ ಹೋಗಲಿಲ್ಲ, ಕಿವಿ ಕೆಂಪಾಗಿ, ಹಣೆಯಲ್ಲಿ ಬೆವರು ಸುರಿದು, ಗೋಡೆ ಹಿಡಿದುಕೊಂಡು ಕೂತುಬಿಟ್ಟ. ಹಸಿ ತಾಮುಲ್ ತಲೆಗೇರುತ್ತದೆ. ಹುಟ್ಟಿದಂದಿನಿಂದ ಅಡಿಕೆಯ ನಡುವೆ ಬೆಳೆದ ಬೇಗಾರಿನ ದುಗ್ಗಪ್ಪನನ್ನು ಒಂದು ಅಡಿಕೆ ಕೆಡವಿತ್ತು. ನಿರು ಬಾಗಿಲ ಮರೆಯಲ್ಲಿ ನಕ್ಕಳು. ನಾನೂ ನಕ್ಕೆ, ನನ್ನ ಸರದಿ ಬರುವವರೆಗೆ.

ಆ ಚಳಿಗಾಲದಷ್ಟು ಚೆಂದದ ಕಾಲವನ್ನು ನಾನು ಆಮೇಲೆ ಕಂಡಿಲ್ಲ. ಬೆಳಿಗ್ಗೆ ಎದ್ದು ಹೊಳೆಗೆ ಹೋದರೆ ಮಂಜಿನೊಳಗಿಂದ ಅಂಬಿಗರ ಮಾತು ಮಾತ್ರ ಕೇಳುತ್ತಿತ್ತು. ಬಿಸಿಲು ಬಂದಂತೆ ನಡುಹೊಳೆಯ ಪುಟ್ಟ ನಡುಗಡ್ಡೆಯೂ ಅದರ ಮೇಲಿನ ಶಿವನ ಗುಡಿಯೂ ತೋರುತ್ತಿದ್ದವು. ನೀರಿನಲ್ಲಿ ದೊಡ್ಡ ಮೀನಿನಂಥ ಪ್ರಾಣಿಗಳು ಬೆನ್ನು ತೋರಿಸಿ ಮುಳುಗುತ್ತಿದ್ದವು. ಸಿಪಾಯಿಗಳ ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು, ಸ್ಟೀಮರುಗಳು ಕೂಗುತ್ತಿದ್ದವು. ಹಗಲು ಫಾನ್ಸಿ ಬಜಾರಿನಲ್ಲಿ ನನ್ನ ಮೆಣಸು ಹರವಿಕೊಂಡು ಕೂತಿದ್ದು, ಸಂಜೆ ಸಾಸಿವೆ ಎಣ್ಣೆಯ ಒಗ್ಗರಣೆಯ ವಾಸನೆ ಹಿಡಿದೇ ಮನೆಗೆ ಬರುತ್ತಿದ್ದೆ. ಜಗಲಿಯಲ್ಲಿ ನಿರುವಿನ ಮಗ್ಗದ ಸದ್ದು. ಅವಳಿಗೆ ಮದುವೆ ನಿಶ್ಚಯವಾಗಿತ್ತು, ಬೀಗರಿಗೆ ಕೊಡುವ ಕೆಂಪಂಚಿನ ವಸ್ತ್ರಗಳನ್ನು ತಾನೇ ನೇಯುತ್ತಿದ್ದಳು. ಯುದ್ಧ ಎಲ್ಲಿ ನಡೆಯುತ್ತಿದೆ ಎನ್ನುವುದು ಲಾರಿ ಬಂದಾಗ ಮಾತ್ರ ನೆನಪಾಗುತ್ತಿತ್ತು.

ದೀಪಾವಳಿಯ ಹೊತ್ತಿಗೆ ದುಗ್ಗಪ್ಪನಿಗೆ ಚಳಿಜ್ವರ ಬಂತು. ನಾನು ಬಜಾರು ಬಿಡುವಂತಿರಲಿಲ್ಲ. ಮಾಹಿ ಅವನ ಹತ್ತಿರ ಕೂತು ಗಂಜಿ ಕುಡಿಸಿದರು, ಹಣೆಗೆ ಒದ್ದೆಬಟ್ಟೆ ಹಾಕಿದರು, ಅವನು ಕನ್ನಡದಲ್ಲಿ ಕನವರಿಸಿದ್ದಕ್ಕೆಲ್ಲ ಅಸ್ಸಾಮಿಯಲ್ಲಿ ಸಮಾಧಾನ ಹೇಳಿದರು. ಅವನು ಎದ್ದು ಕೂತ ದಿನ ನನಗೆ ಹೇಳಿದ: “ನನ್ನ ಹಡೆದ ಅವ್ವನೂ ಇಷ್ಟು ಮಾಡಿರ್ಲಿಲ್ಲ ಮಂಜಣ್ಣ. ಈ ಋಣ ಇಟ್ಕೊಂಡು ಊರಿಗೆ ಬರಕ್ಕೆ ಆಗ್ತದಾ?” ಆ ಮಾತಿಗೆ ನಾನು ಹೂಂ ಎಂದೆ. ಅವನ ತಲೆಯಲ್ಲಿ ಏನು ಓಡುತ್ತಿದೆಯೆಂದು ನನಗೇನು ಗೊತ್ತು.

ಮಾರ್ಗಶಿರದಲ್ಲಿ ಒಂದು ದಿನ ಮಾಹಿಯೂ ನಿರುವೂ ಮದುವೆಯ ಮಾತಿಗೆಂದು ದೋಣಿಯಲ್ಲಿ ಆಚೆ ದಡದ ನೆಂಟರ ಮನೆಗೆ ಹೋದರು. ನಾನು ಬಜಾರಿಗೆ ಹೋದೆ. ಸಂಜೆ ಘಾಟಿನಲ್ಲಿ ಅವರಿಬ್ಬರೂ ಸಿಕ್ಕಿ, ಮೂವರೂ ಒಟ್ಟಿಗೆ ಮನೆಯ ಕಡೆ ನಡೆದೆವು. ಕೇರಿಯ ತಿರುವಿನಲ್ಲೇ ನನ್ನ ಮೂಗಿಗೆ ವಾಸನೆ ಬಡಿಯಿತು. ಚೊಗರಿನ ವಾಸನೆ. ಬೇಯುವ ಹಸಿಯಡಿಕೆಯ ಕಂದು ನೀರಿನ ವಾಸನೆ. ಕೊಪ್ಪದಲ್ಲಿ ಆದರೆ ಹೊಟ್ಟೆ ತುಂಬುವ ವಾಸನೆ ಅದು. ಗುವಾಹಟಿಯಲ್ಲಿ ಅದಕ್ಕೇನು ಕೆಲಸ ಎಂದು ದಾಪುಗಾಲು ಹಾಕಿದೆ.

ಹಿತ್ತಿಲಲ್ಲಿ ಹಸಿರು ಕೊನೆಗಳ ರಾಶಿ. ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಮಾಹಿಯ ದೊಡ್ಡ ಹಿತ್ತಾಳೆ ಪಾತ್ರೆ ಕೊತಕೊತ ಕುದಿಯುತ್ತಿದೆ. ಕಣ್ಣಿಗೆ ಬಿದ್ದ ಮರಗಳೆಲ್ಲ ಬೋಳು. ದುಗ್ಗಪ್ಪ ಬೆವರು ಒರೆಸಿಕೊಂಡು, ಮದುವೆ ಮನೆಯ ಯಜಮಾನನ ಹಾಗೆ ನಗುತ್ತ ನಿಂತಿದ್ದ.

“ಒಬ್ಬನೇ ಇಳಿಸ್ದೆ ಮಂಜಣ್ಣ. ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಎಲ್ಲ ಬಲಿತು ಗೋಟಾಗ್ತಿತ್ತು. ಗಂಡಸರಿಲ್ಲದ ಮನೆ, ನೋಡೋರು ಯಾರು? ಅಮ್ಮಂಗೆ ಹೇಳು, ಹೆಂಗೆ ಬೇಯಿಸದು ಅಂತ ನಾನು ಕಲಿಸಿ ಕೊಡ್ತೀನಿ.”

ಮಾಹಿ ಬಯ್ಯಲಿಲ್ಲ. ಬೋಳು ಮರಗಳನ್ನು ಒಂದರ ಹಿಂದೆ ಒಂದು ನೋಡಿದರು. ಒಂದು ಹಸಿರಡಿಕೆಯನ್ನು ಎತ್ತಿಕೊಂಡು, ಉಗುರಿನಿಂದ ಗೀರಿ ನೋಡಿ, ರಾಶಿಯ ಮೇಲೇ ವಾಪಸು ಇಟ್ಟರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಿರುವಿನ ಕಣ್ಣಲ್ಲಿ ನೀರು ತುಂಬಿತ್ತು. ಅವಳೇ ನನಗೆ ಬಿಡಿಸಿ ಹೇಳಿದಳು. ಅವಳು ಹುಟ್ಟಿದ ವರ್ಷ ಅವಳಪ್ಪ ಆ ಮರಗಳನ್ನು ತಮ್ಮ ಕೈಯಾರೆ ನೆಟ್ಟಿದ್ದರು. ಮಗಳ ಮದುವೆಗೆ ಈ ಮರದ ತಾಮುಲ್ ಇಟ್ಟೇ ಊರನ್ನು ಕರೆಯುತ್ತೇನೆ ಎನ್ನುತ್ತಿದ್ದರಂತೆ. ಅಲ್ಲಿ ಮದುವೆಗೆ ಕರೆಯುವುದೆಂದರೆ ಮನೆಮನೆಗೆ ಹೋಗಿ, ಹಣ್ಣಾದ ಒಂದು ತಾಮುಲ್, ಒಂದು ಎಲೆ ಎದುರಿಗಿಟ್ಟು ನಮಸ್ಕಾರ ಮಾಡುವುದು. ಬಾಯಲ್ಲಿ ಎಷ್ಟು ಹೇಳಿದರೂ ಅದು ಕರೆದ ಹಾಗಲ್ಲ. ಅಪ್ಪನಂತೂ ಇಲ್ಲ, ಅಪ್ಪನ ತಾಮುಲ್ ಆದರೂ ನನ್ನ ಮದುವೆಗೆ ಊರನ್ನು ಕರೆಯುತ್ತದೆ ಎಂದು ಅವಳು ಆ ಕೊನೆಗಳನ್ನು ದಿನಾ ನೋಡುತ್ತಿದ್ದಳು. ಮಾಘದಲ್ಲಿ ಹಣ್ಣಾಗಬೇಕಿದ್ದವು, ಫಾಲ್ಗುಣದಲ್ಲಿ ಮದುವೆ.

ರಾತ್ರಿ ಮಾಹಿ ಎಂದಿನಂತೆ ಊಟ ಬಡಿಸಿದರು. ಊಟವಾದ ಮೇಲೆ ಕಂಚಿನ ತಟ್ಟೆ ಮಾತ್ರ ಬರಲಿಲ್ಲ. ಮರುದಿನವೂ ಬರಲಿಲ್ಲ. ಬಾಡಿಗೆಯವರಿಗೆ ಅನ್ನ ಹಾಕುತ್ತಾರೆ, ಮನೆಯವರಿಗೆ ತಾಮುಲ್ ಕೊಡುತ್ತಾರೆ. ನಾವು ಮನೆಯವರಾಗಿದ್ದೆವು, ಈಗ ಬಾಡಿಗೆಯವರಾದೆವು.

ನನಗೆ ದುಗ್ಗಪ್ಪನ ಮೇಲೆ ಕೆಂಡದಂಥ ಸಿಟ್ಟು. “ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ, ಅದನ್ನ ನಿನಗೋಸ್ಕರನೇ ಮಾಡಿದಾರೆ ನೋಡು. ನೀನು ಕೇಳದೆ ಕೊಯ್ದಿದ್ದು ಅಡಿಕೆ ಅಲ್ಲ, ಸತ್ತವರ ಮಾತು” ಎಂದು ನಿರು ಹೇಳಿದ್ದನ್ನೆಲ್ಲ ಹೇಳಿದೆ. ಅವನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಕೇಳಿದ. ಆಮೇಲೆ ತಲೆಯೆತ್ತಿ, “ಎಲ್ಲ ಕೊಯ್ದಿಲ್ಲ” ಎಂದ.

“ಎಂತದು?”

“ಬಾ ಇಲ್ಲಿ.” ಹಿತ್ತಿಲ ತುದಿಗೆ, ಹೊಳೆಯ ಕಡೆಯ ಮೂಲೆಗೆ ಕರೆದುಕೊಂಡು ಹೋದ. ಅಲ್ಲಿ ಒಂದು ಮರದ ಮೇಲೆ ಎರಡು ಕೊನೆಗಳು ಹಾಗೆಯೇ ತೂಗುತ್ತಿದ್ದವು. “ಈ ಹಿತ್ತಿಲಿಗೇ ಒಳ್ಳೆ ಮರ ಇದು. ಒಳ್ಳೆ ಮರದ್ದನ್ನ ಬೀಜಕ್ಕೆ ಬಿಡದೆ ಕೊಯ್ತಾರಾ? ಹಣ್ಣಾಗ್ಲಿ, ಅಮ್ಮಂಗೆ ಸಸಿ ಮಾಡಿ ಕೊಟ್ಟು ಹೋಗನ ಅಂತ ಬಿಟ್ಟಿದ್ದೆ.”

ನಮ್ಮ ಊರಿನ ಪದ್ಧತಿ ಅದು. ಎಷ್ಟೇ ಆಸೆಯಿದ್ದರೂ ಬೀಜದ ಮರಕ್ಕೆ ಕೊನೆಗಾರ ಕತ್ತಿ ಹಾಕುವುದಿಲ್ಲ. ಕೆಡಿಸಿದ್ದೂ ನಮ್ಮ ಪದ್ಧತಿಯೇ, ಉಳಿಸಿದ್ದೂ ನಮ್ಮ ಪದ್ಧತಿಯೇ. ನಾನು ಓಡಿಹೋಗಿ ನಿರುವನ್ನು ಕರೆದೆ, ಅವಳು ಮಾಹಿಯನ್ನು ಕರೆತಂದಳು. ಮಾಹಿ ಮರದ ಬುಡದಲ್ಲಿ ನಿಂತು ಮೇಲೆ ನೋಡಿದರು. “ಬೀಗರ ಮನೆಗೆ, ದೇವರ ಮುಂದೆ ಇಡಲಿಕ್ಕೆ ಆಯಿತು. ಊರಿಗೆ?” ಎಂದರು. ಅಷ್ಟೇ ಹೇಳಿ ಒಳಗೆ ಹೋದರು. ಕೊಂಡು ತರೋಣವೆಂದರೆ ಬಜಾರಿನಲ್ಲಿ ತಾಮುಲ್ ಇರಲಿಲ್ಲ. ಮರ ಹತ್ತುವ ಆಳುಗಳೆಲ್ಲ ಸೈನ್ಯದವರ ರಸ್ತೆ ಕೆಲಸಕ್ಕೆ, ವಿಮಾನದ ಬಯಲಿನ ಕೆಲಸಕ್ಕೆ ಹೋಗಿಬಿಟ್ಟಿದ್ದರು.

ಅಂದಿನಿಂದ ದುಗ್ಗಪ್ಪ ಆ ಒಂದು ಮರದ ಸೇವೆಗೆ ನಿಂತ. ನಮ್ಮಲ್ಲಿ ಮಳೆಗಾಲದಲ್ಲಿ ಕೊನೆ ಕೊಳೆಯದಂತೆ ಅಡಿಕೆ ಹಾಳೆಯ ಕೊಟ್ಟೆ ಕಟ್ಟುತ್ತೇವಲ್ಲ, ಹಾಗೆ ಒಣ ಚಳಿಗಾಲದಲ್ಲಿ ಎರಡು ಕೊನೆಗೂ ಟೋಪಿಯಂಥ ಕೊಟ್ಟೆ ಕಟ್ಟಿದ. ಬಾವಲಿ ಬರದಂತೆ, ಎಳೆದರೆ ಸದ್ದಾಗುವ ಡಬ್ಬ ಕಟ್ಟಿ, ಅದರ ಹಗ್ಗವನ್ನು ನಮ್ಮ ಕೋಣೆಯ ಕಿಟಕಿಗೆ ತಂದ. ಮರ ಟೋಪಿ ಹಾಕಿಕೊಂಡದ್ದನ್ನು ನೋಡಲು ಕೇರಿಯ ಮಕ್ಕಳು ಬಂದರು. ಕೊಯ್ದ ಹಸಿರಡಿಕೆಯನ್ನೂ ನಾವು ಹಾಳು ಮಾಡಲಿಲ್ಲ. ಸುಲಿದು, ಬೇಯಿಸಿ, ಒಣಗಿಸಿ, ಒಂದು ಮೂಟೆ ಕೆಂಪಡಿಕೆ ಮಾಡಿ ಮಾಹಿಯ ಜಗಲಿಯಲ್ಲಿಟ್ಟೆವು. ಅವರು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಅಲ್ಲಿನ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಕೇರಿಯ ಆಚೆ ತುದಿಯ ಮನೆಯ ದಾಸ್ ಮಾಸ್ತರು ಬಂದರು. ನಿವೃತ್ತರಾದ ಮೇಷ್ಟ್ರು, ಮಾತು ಕಡಿಮೆ. ಅವರ ಹಿತ್ತಿಲಲ್ಲಿ ತಾಮುಲ್ ಹಣ್ಣಾಗಿ ಉದುರಿ ಕೊಳೆಯುತ್ತಿತ್ತು, ಇಳಿಸುವವರಿಲ್ಲ. “ನಿಮ್ಮ ಗೆಳೆಯ ಹತ್ತುತ್ತಾನಂತಲ್ಲ” ಎಂದು ನನ್ನನ್ನು ಕೇಳಿದರು.

ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ದುಗ್ಗಪ್ಪ ಬಾಗಿಲಿಗೆ ಹೋಗಿ, ಕೇರಿಯ ಆ ತುದಿಯಿಂದ ಈ ತುದಿಯವರೆಗೆ ಮರಗಳ ತಲೆಗಳನ್ನು ನೋಡುತ್ತ ನಿಂತ. ಎಲ್ಲ ಹಿತ್ತಿಲುಗಳೂ ಹೊಳೆಯ ಬದಿಗೆ ಒಂದಕ್ಕೊಂದು ತಾಗಿಕೊಂಡಿದ್ದವು. ನಡುವೆ ಬಿದಿರಿನ ಬೇಲಿ ಇತ್ತೇ ಹೊರತು ಮರಗಳಿಗೆ ಬೇಲಿ ಇರಲಿಲ್ಲ.

“ಇವ್ರದ್ದು ಒಬ್ಬರದ್ದೇ ಅಲ್ಲ, ಕೇರಿಯದ್ದೆಲ್ಲ ಇಳಿಸಿ ಕೊಡ್ತೀನಿ ಅಂತ ಹೇಳು. ಕೂಲಿ ಬೇಡ. ಮನೆಗೆ ಒಂದು ಕೊನೆ ನಿರು ಮದುವೆಗೆ ಕೊಡ್ಬೇಕು. ಕೇಳಿ ಬರ್ಲಿ, ಈ ಸಲ ಕೇಳದೆ ನಾನು ಎಲೆನೂ ಮುಟ್ಟಲ್ಲ.”

ಮಾಸ್ತರು ಮನೆಮನೆಗೆ ಹೋಗಿ ಕೇಳಿ ಬಂದರು. ಬೇಡ ಎಂದವರು ಒಬ್ಬರೂ ಇರಲಿಲ್ಲ.

ಮಾಸ್ತರ ಹಿತ್ತಿಲಲ್ಲಿ ದುಗ್ಗಪ್ಪ ತಳೆ ಹಾಕಿಕೊಂಡು ಮೊದಲ ಮರ ಹತ್ತಿದ. ಕೊನೆ ಕತ್ತರಿಸಿ ಹಗ್ಗದಲ್ಲಿ ಜಾರಿಸಿದ, ಕೆಳಗೆ ಹಗ್ಗ ಬಿಗಿ ಹಿಡಿದು ನಿಂತವನು ನಾನು. ಅಲ್ಲಿಯವರೆಗೆ ನೋಡುವವರಿಗೆ ವಿಶೇಷವೇನಿರಲಿಲ್ಲ, ಅವರ ಆಳುಗಳೂ ಹತ್ತುತ್ತಿದ್ದರು, ಇಳಿಯುತ್ತಿದ್ದರು, ಮತ್ತೆ ಹತ್ತುತ್ತಿದ್ದರು. ದುಗ್ಗಪ್ಪ ಇಳಿಯಲಿಲ್ಲ. ಇದ್ದಲ್ಲೇ ಮರವನ್ನು ಹಿಂದಕ್ಕೆ ಮುಂದಕ್ಕೆ ತೂಗತೊಡಗಿದ. ಮರ ಬಾಗಿತು, ಇನ್ನೂ ಬಾಗಿತು. ಕೆಳಗಿದ್ದ ಹೆಂಗಸರು ಕಣ್ಣು ಮುಚ್ಚಿಕೊಂಡರು. ಅವನು ಕೈ ಚಾಚಿ ಪಕ್ಕದ ಮರದ ಕುತ್ತಿಗೆ ಹಿಡಿದು, ಈ ಮರ ಬಿಟ್ಟು ಆ ಮರದಲ್ಲಿದ್ದ. ಬಿಟ್ಟ ಮರ ಸರ್ರನೆ ನೆಟ್ಟಗಾಯಿತು. ಮಾಸ್ತರು ತಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಆಮೇಲೆ ನಡೆದದ್ದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಮರದಿಂದ ಮರಕ್ಕೆ, ಬೇಲಿಯ ಮೇಲಿಂದ ಬೇಲಿ ದಾಟಿ, ಒಂದು ಹಿತ್ತಿಲಿಂದ ಇನ್ನೊಂದು ಹಿತ್ತಿಲಿಗೆ, ನೆಲಕ್ಕೆ ಕಾಲು ತಾಗಿಸದೆ ಅವನು ಬಂದ. ಅವನಿಗೆ ಬೇಲಿ ಇರಲಿಲ್ಲ, ನನಗಿತ್ತು. ಗೇಟು ತೆಗೆದು, ಗೇಟು ದಾಟಿ, ಹಗ್ಗ ಹಿಡಿದು ಓಡಿ ಓಡಿ ನನ್ನ ಉಸಿರು ಹೋಯಿತು. “ಬಂದ್ಯಾ ಮಾರಾಯ? ನಾನು ಇಲ್ಲೇ ಸಂಸಾರ ಹೂಡ್ಬೇಕಾ?” ಎಂದು ಮೇಲಿನಿಂದ ಕೂಗುತ್ತಿದ್ದ. ಕೇರಿಗೆ ಕೇರಿಯೇ ಕೆಳಗೆ ಮೆರವಣಿಗೆ ಹೊರಟಿತ್ತು. ಘಾಟಿನಲ್ಲಿದ್ದ ಅಂಬಿಗರು ದೋಣಿ ಬಿಟ್ಟು ಬಂದರು. ದಾರಿಯಲ್ಲಿ ಒಂದು ಸಿಪಾಯಿ ಲಾರಿ ನಿಂತು, ಅದರಲ್ಲಿದ್ದವರು ಚಪ್ಪಾಳೆ ತಟ್ಟಿದರು. ಪ್ರತಿ ಮನೆಯವರೂ ತಮ್ಮ ಒಂದು ಕೊನೆಯನ್ನು ಹೆಗಲ ಮೇಲೆ ಹೊತ್ತುಕೊಂಡೇ ನಮ್ಮ ಹಿಂದೆ ಬಂದರು. ಒಂದು ಎಂದಿದ್ದೆವು, ಎಷ್ಟೋ ಜನ ಎರಡು ತಂದಿದ್ದರು.

ಮಧ್ಯಾಹ್ನದ ಹೊತ್ತಿಗೆ ಮಾಹಿಯ ಹಿತ್ತಿಲು ಬಂತು. ಬೋಳು ಮರಗಳ ಮೇಲೆ ಹಾದು, ಕಡೆಗೆ ಹೊಳೆಯ ಬದಿಯ ಆ ಮೂಲೆಯ ಮರಕ್ಕೆ ದುಗ್ಗಪ್ಪ ದಾಟಿದ. ಕೊಟ್ಟೆ ಬಿಚ್ಚಿ ಕೆಳಗೆ ಎಸೆದ. ಎರಡು ಕೊನೆಗಳೂ ಬಿಸಿಲಿಗೆ ಕೆಂಡ ಸಂಪಿಗೆಯ ಬಣ್ಣಕ್ಕೆ ಬಂದಿದ್ದವು. ಒಂದು ಕಾಯಿಯೂ ಬಾವಲಿಯ ಪಾಲಾಗಿರಲಿಲ್ಲ. ಅವನು ಕತ್ತಿ ತೆಗೆಯಲಿಲ್ಲ. ಅಲ್ಲಿಂದಲೇ, “ಅಮ್ಮಾ, ಕೊಯ್ಲಾ?” ಎಂದು ಕೇಳಿದ.

ಅಷ್ಟು ದಿನ ಅವನ ಕನ್ನಡವನ್ನು ನಾನು ತಿರುಗಿಸಿ ಹೇಳಬೇಕಾಗಿತ್ತು. ಆ ದಿನ ಬೇಕಾಗಲಿಲ್ಲ. ಮಾಹಿ ತಲೆಯಾಡಿಸಿದರು. ನಾನು ಹಗ್ಗ ಹಿಡಿದೆ. ನೆಲಕ್ಕೆ ತಾಗುವ ಮೊದಲೇ ಮಾಹಿ ಮುಂದೆ ಬಂದು ತಮ್ಮ ಹೊದಿಕೆಯ ಸೆರಗು ಚಾಚಿ, ಗಂಡನ ಮರದ ಕೊನೆಯನ್ನು ಮಡಿಲಿಗೇ ಇಳಿಸಿಕೊಂಡರು. ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡು ಅಳುತ್ತ ನಕ್ಕರು. ನನಗೂ ಕಣ್ಣು ತುಂಬಿತು, ಹಗ್ಗ ಹಿಡಿದಿದ್ದರಿಂದ ಒರೆಸಿಕೊಳ್ಳಲಾಗಲಿಲ್ಲ.

ಮರುದಿನ ಬೆಳಿಗ್ಗೆ ಮಾಹಿ ಮಿಂದು, ಮಡಿಯುಟ್ಟು, ಊರು ಕರೆಯಲು ಹೊರಟರು. ಮೊದಲು ಬಂದದ್ದು ನಮ್ಮ ಕೋಣೆಗೆ. ಅವರ ಮನೆಯ ಹಿಂದಿನ ಕೋಣೆಗೆ, ಅಂಗಳ ಸುತ್ತಿಕೊಂಡು, ಎದುರು ಬಾಗಿಲಿನಿಂದ ಬಂದರು. ಕಂಚಿನ ತಟ್ಟೆಯ ಮೇಲೆ ನಿರು ನೇಯ್ದ ಕೆಂಪಂಚಿನ ವಸ್ತ್ರ, ಅದರ ಮೇಲೆ ಮೂಲೆಯ ಮರದ ಒಂದು ಹಣ್ಣು ತಾಮುಲ್, ಒಂದು ಎಲೆ. ದುಗ್ಗಪ್ಪನ ಎದುರು ಇಟ್ಟು, “ನನ್ನ ಮಗಳ ಮದುವೆ. ಮಗ ಮುಂದೆ ನಿಂತು ನಡೆಸಿಕೊಡಬೇಕು” ಎಂದರು. ನಾನು ತಿರುಗಿಸಿ ಹೇಳುವಷ್ಟರಲ್ಲಿ ಅವನು ಅವರ ಕಾಲಿಗೆ ಬಿದ್ದಾಗಿತ್ತು.

ಅವರು ಹೋದ ಮೇಲೆ ಆ ವಸ್ತ್ರವನ್ನು ಕುತ್ತಿಗೆಗೆ ಸುತ್ತಿಕೊಂಡು ನನ್ನ ಕಡೆ ತಿರುಗಿದ. “ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂದ್ಯಲ್ಲ. ಆನೆ ಯಾಕೆ ಬೇಕಿತ್ತು ಮಾರಾಯ? ಅಡಿಕೆ ಕೊಟ್ರೇ ಬಂತು.”

ಮದುವೆ ಗಡದ್ದಾಗಿ ಆಯಿತು. ನಮ್ಮ ಕೆಂಪಡಿಕೆಯ ಮೂಟೆಯನ್ನೂ ಮಾಹಿ ಅಂದು ಜಗಲಿಯಿಂದ ಒಳಗೆ ತರಿಸಿ, ಬೀಗರಿಗೆ “ನನ್ನ ದಕ್ಷಿಣದ ಮಕ್ಕಳು ಮಾಡಿದ್ದು” ಎಂದು ಹಂಚಿದರು. ವರನ ತಂದೆ ಒಂದನ್ನು ಕಚ್ಚಿ ನೋಡಿದರು, ಹಲ್ಲಿಗೆ ಬಗ್ಗಲಿಲ್ಲ. ಸುಮ್ಮನೆ ಜೇಬಿಗೆ ಹಾಕಿಕೊಂಡರು. ಮೆಣಸು, ಏಲಕ್ಕಿ ಮುಗಿದು ಯುಗಾದಿಯ ಹೊತ್ತಿಗೆ ನಾವು ಸ್ಟೀಮರು ಹತ್ತಿದಾಗ ಅರ್ಧ ಕೇರಿ ಘಾಟಿಗೆ ಬಂದಿತ್ತು. ನನ್ನ ಗಂಟಿನಲ್ಲಿ ಮೂಲೆಯ ಮರದ ಬೀಜದಡಿಕೆಗಳಿದ್ದವು. ದಡ ಮರೆಯಾಗುವವರೆಗೂ ದುಗ್ಗಪ್ಪ ಕೈ ಬೀಸುತ್ತ, ಕನ್ನಡದಲ್ಲಿ ಎಲ್ಲರ ಹೆಸರು ಹಿಡಿದು ಬುದ್ಧಿ ಹೇಳುತ್ತಿದ್ದ.

ಆ ಬೀಜದ್ದೇ ನನ್ನ ಹಿತ್ತಿಲ ಏಳು ಮರಗಳು. ನನ್ನ ಮಗಳು ಗಿರಿಜೆಯ ಮದುವೆ ನಿಶ್ಚಯವಾದ ವರ್ಷ ಅವು ತಲೆ ತುಂಬ ಫಲ ಹೊತ್ತಿದ್ದವು. ಅಚ್ಚು ಹಾಕಿಸಿದ ಮದುವೆ ಕಾಗದ ಬಂದಿತ್ತು, ಅಕ್ಷತೆಯೂ ಇತ್ತು. ಆದರೂ ನಾನು ಒಂದು ಹಣ್ಣಡಿಕೆ, ಒಂದು ಎಲೆಯನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು, ನಿರು ನನಗೆ ಕೊಟ್ಟಿದ್ದ ಕೆಂಪಂಚಿನ ವಸ್ತ್ರ ಹೊದಿಸಿ, ಎಲ್ಲರಿಗಿಂತ ಮೊದಲು ಬೇಗಾರಿಗೆ ಹೋದೆ. ದುಗ್ಗಪ್ಪ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಮಂಡಿ ಹಿಡಿದುಕೊಂಡು ಮರದ ಮಾತಿರಲಿ, ಮೆಟ್ಟಿಲು ಹತ್ತುವುದೂ ಅವನಿಗೆ ಕಷ್ಟವಾಗಿತ್ತು. ತಟ್ಟೆಯನ್ನು ಎದುರಿಗಿಟ್ಟೆ. ಅವನು ವಸ್ತ್ರ ಸರಿಸಿದ, ಹಣ್ಣು ಎತ್ತಿ ಮೂಸಿದ.

“ಹಸಿರಿದ್ದಾಗ ಯಾರೂ ಮುಟ್ಟಿಲ್ಲ ತಾನೆ?”

“ಒಂದು ಕೊನೆಯೂ ಮುಟ್ಟಿಲ್ಲ.”

ಸೊಸೆಯನ್ನು ಕರೆದು ಸುಲಿಸಿ, ಹೋಳು ಮಾಡಿಸಿ, ಕುಟ್ಟಾಣಿಯಲ್ಲಿ ಕುಟ್ಟಿಸಿ, ಎಲೆಯ ಜೊತೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಕಿವಿ ಕೆಂಪಾಯಿತು, ಹಣೆಯಲ್ಲಿ ಬೆವರು ಮೂಡಿತು. ಕಂಬ ಹಿಡಿದುಕೊಂಡ.

“ಬಂತು ನೋಡು ಗುವಾಹಟಿ” ಎಂದ.

“ಮದುವೆಗೆ ಮುಂದೆ ನಿಂತು ನಡೆಸಿ ಕೊಡ್ಬೇಕು ದುಗ್ಗಪ್ಪ. ನಿನ್ನ ಕಾಲಿಗೆ ಆಗದಿದ್ರೆ ಗಾಡಿ ಕಳಿಸ್ತೀನಿ.”

ಅವನು ಕಣ್ಣು ಬಿಟ್ಟು, ಬೇಗಾರಿನ ತೋಟದ ಮರಗಳ ತುದಿಗಳನ್ನು ಕೊಪ್ಪದ ದಿಕ್ಕಿನವರೆಗೂ ಒಮ್ಮೆ ನೋಡಿದ.

“ಗಾಡಿ ಎಂತಕ್ಕೆ ಮಾರಾಯ? ನೆಲದ ಮೇಲೆ ನಡೆಯಕ್ಕೆ ಆಗದಿದ್ರೆ ಮರದಿಂದ ಮರಕ್ಕೆ ಬತ್ತೀನಿ. ನೀನು ಹಗ್ಗ ಹಿಡ್ಕೊಂಡು ಕೆಳಗೆ ಓಡು.”